ಯೂಟ್ರೆಕ್ಟಿನಲ್ಲಿ ಕಂಡ ಮಧುಗಿರಿಯ ಕುರ್ಚಿಗಳು

ಹೊರಡುವಾಗಲೇ ತಡೆದರು

ನೆದರ್ಲೆಂಡ್ಸ್ ದೇಶಕ್ಕೆ ಕಾಲಿಡುವ ಮೊದಲೇ ಆ ದೇಶದ ಎಷ್ಟೋ ಕಚೇರಿಗಳ ಒಳಗಿನ ಅಳತೆ ನನಗೆ ಬಾಯಿಪಾಠವಾಗಿತ್ತು. ಯಾವ ಕಟ್ಟಡದಲ್ಲಿ ಬಾಗಿಲು ಎಲ್ಲಿ, ಕಿಟಕಿ ಎಷ್ಟು ಅಗಲ, ಕಾಫಿ ಮಾಡುವ ಜಾಗದಿಂದ ಮೀಟಿಂಗ್ ಕೋಣೆಗೆ ಎಷ್ಟು ಹೆಜ್ಜೆ, ಎಲ್ಲ ಹೇಳಬಲ್ಲೆ. ಆದರೆ ಅವುಗಳಲ್ಲಿ ಒಂದನ್ನೂ ಕಣ್ಣಾರೆ ನೋಡಿರಲಿಲ್ಲ.

ನಮ್ಮ ಕೆಲಸವೇ ಅಂಥದ್ದು. ಮಧುಗಿರಿಯಲ್ಲಿ ಕೊರಟಗೆರೆ ರಸ್ತೆಯ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ಹೆಣ್ಣುಮಕ್ಕಳು ಕೂತು ಕಚೇರಿಗಳ ನಕ್ಷೆ ಬರೆಯುತ್ತಾರೆ. ಯೂಟ್ರೆಕ್ಟ್ ಎಂಬ ಊರಿನ ಕಂಪನಿಯೊಂದು ಬೇರೆ ಬೇರೆ ಸಂಸ್ಥೆಗಳಿಗೆ ಕಚೇರಿ ವಿನ್ಯಾಸ ಮಾಡಿಕೊಡುತ್ತದೆ. ಈಗಿನ ಕಾಲದ ಕಚೇರಿ, ಅಂದರೆ ವಾರದಲ್ಲಿ ಎರಡು ದಿನ ಮನೆಯಿಂದ, ಮೂರು ದಿನ ಆಫೀಸಿನಿಂದ ಕೆಲಸ ಮಾಡುವವರಿಗೆ ಹೊಂದುವಂಥದ್ದು. ಅವರು ಕೈಯಲ್ಲಿ ಗೀಚಿ ಕಳಿಸುತ್ತಾರೆ, ನಾವು ಅದನ್ನು ಕಂಪ್ಯೂಟರಿನಲ್ಲಿ ಅಳತೆ ಸಮೇತ ತಿದ್ದಿ ಬರೆದು ಕಳಿಸುತ್ತೇವೆ. ಅವರ ಮಾತು ಇಂಗ್ಲಿಷಿನಲ್ಲಿ ನನಗೆ ಬರುತ್ತದೆ, ನಾನು ಅದನ್ನು ಕನ್ನಡದಲ್ಲಿ ಎಲ್ಲರಿಗೂ ಹಂಚುತ್ತೇನೆ. ನಾನು ಅಲ್ಲಿಯ ಮುಖ್ಯಸ್ಥೆ.

ಮುಖ್ಯಸ್ಥೆ ಅಂತ ಬರೆಯುವಾಗ ಈಗಲೂ ನನ್ನ ಪೆನ್ನು ಕಾಗದವನ್ನು ಸ್ವಲ್ಪ ಗಟ್ಟಿಯಾಗಿ ಒತ್ತುತ್ತದೆ. ನಮ್ಮೂರು ಕೊಳಾಲದ ಹತ್ತಿರ. ಅಪ್ಪ ಗಾರೆ ಕೆಲಸದವನು. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಪಟ ಇತ್ತು, ಗೋಡೆಯ ಕೆಳಗೆ ಚಾಪೆ ಇತ್ತು, ಅದರ ಮೇಲೆ ಕೂತು ಓದಿ ನಾನು ಡಿಪ್ಲೊಮಾ ಮಾಡಿದೆ, ಆಮೇಲೆ ಸಿವಿಲ್ ಇಂಜಿನಿಯರಿಂಗ್ ಮಾಡಿದೆ. ನಮ್ಮ ಕುಟುಂಬದಲ್ಲಿ ನನಗಿಂತ ಮುಂಚೆ ಹತ್ತನೇ ತರಗತಿ ದಾಟಿದವರು ಯಾರೂ ಇಲ್ಲ.

ಕಂಪನಿಯವರು ನನ್ನನ್ನು ಒಂದು ವಾರಕ್ಕೆ ಕರೆದಿದ್ದರು. 'ಮಧುಗಿರಿ ಕಚೇರಿಯ ಮುಂದಿನ ರೂಪದ ಬಗ್ಗೆ ಕೂತು ಮಾತಾಡೋಣ' ಎಂದು ಪತ್ರದಲ್ಲಿತ್ತು. ನಾನು ಓದಿಕೊಂಡದ್ದು, ಆಫೀಸು ದೊಡ್ಡದಾಗುತ್ತದೆ ಅಂತ. ಹದಿನೈದು ದಿನ ಕೂತು ಹೊಸ ಆಫೀಸಿನ ನಕ್ಷೆ ಬರೆದೆ. ಸಾಲಾಗಿ ಇಪ್ಪತ್ತೆರಡು ಮೇಜು, ಮುಂದೆ ಗಾಜಿನ ಕ್ಯಾಬಿನ್ ಒಂದು, ಅದಕ್ಕೆ ನನ್ನ ಹೆಸರಿನ ಬೋರ್ಡು. ನಕ್ಷೆ ಮಡಿಕೆ ಬೀಳಬಾರದೆಂದು ಮಧುಗಿರಿಯ ಪ್ಲಂಬರ್ ಅಂಗಡಿಯಲ್ಲಿ ಒಂದು ತುಂಡು ಪೈಪು ತೆಗೆದುಕೊಂಡು ಸುರುಳಿ ಒಳಗೆ ತೂರಿಸಿದೆ. ಅಂಗಡಿಯವನು ಎರಡೂ ಬಾಯಿಗೆ ಮುಚ್ಚಳ ಹಾಕಿ, "ನೀರು ಒಂದ್ ತೊಟ್ಟೂ ಒಳಕ್ಕೋಗಲ್ಲ ಕಣಕ್ಕಾ, ನಂಬು" ಅಂತ ಅಂಟು ಹಚ್ಚಿ ಬಿಗಿದುಬಿಟ್ಟಿದ್ದ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಪೈಪು ನೋಡಿ ನಾಲ್ಕು ಜನ ಸೇರಿದರು. ಬಿಚ್ಚಿ ಅಂದರು. ಬಿಚ್ಚಲು ಬರುವುದಿಲ್ಲ. ಕೊನೆಗೆ ಎಲ್ಲಿಂದಲೋ ಬ್ಲೇಡು ತರಿಸಿ ಕುಯ್ದರು. ಅಲ್ಲಿದ್ದ ಪೊಲೀಸ್ ಹೆಂಗಸು, "ಏನ್ರೀ, ಅಲ್ಲಿಗೆ ಪೈಪ್‌ಲೈನ್ ಹಾಕಕ್ಕೆ ಹೋಗ್ತಿದೀರಾ?" ಅಂತ ನಕ್ಕು ನಕ್ಷೆ ಬಿಡಿಸಿದಳು. ಬೆರಳಿಟ್ಟು ಕೇಳಿದಳು, "ಈ ದೊಡ್ಡ ರೂಮು ಯಾರ್ದು?"

"ನಂದು."

"ಒಬ್ರಿಗೇನಾ?"

"ನಾನು ಇಂಜಿನಿಯರು," ಅಂದೆ. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಬಿಟ್ಟಳು.

ಭಾನುವಾರ: ಪರದೆ ಇಲ್ಲದ ಬೀದಿ

ನವೆಂಬರಿನ ಚಳಿ ಅಂದರೆ ಏನೆಂದು ಯಾರೂ ಹೇಳಿರಲಿಲ್ಲ. ಮಧುಗಿರಿ ಬಂಡೆ ಕಾದು ಕಾದು ರಾತ್ರಿಯೂ ಬಿಸಿ ಉಗುಳುವ ಊರಿನಿಂದ ಬಂದವಳು ನಾನು. ರೈಲಿನಿಂದ ಇಳಿದ ತಕ್ಷಣ ಮೂಗು ನನ್ನದಲ್ಲವೇನೋ ಅನ್ನಿಸಿತು.

ಆದರೆ ಆ ದಿನದ ಗಾಬರಿ ಚಳಿಯದ್ದಲ್ಲ. ನನಗೆ ಕೊಟ್ಟ ಕೋಣೆಗೆ ಕಾಲುವೆ ಪಕ್ಕದ ಬೀದಿಯಲ್ಲಿ ನಡೆದು ಹೋಗಬೇಕು. ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತಿತ್ತು, ಮನೆಗಳಲ್ಲಿ ದೀಪ ಹಚ್ಚಿದ್ದರು. ಒಂದು ಮನೆಗೂ ಪರದೆ ಇಲ್ಲ! ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ, ಆ ಕಡೆ ಇಡೀ ಸಂಸಾರ. ಒಬ್ಬ ಮುದುಕ ಕಾಲು ಚಾಚಿ ಪೇಪರ್ ಓದುತ್ತಿದ್ದಾನೆ, ಒಬ್ಬಳು ಮಗುವಿಗೆ ಸೂಪು ಕುಡಿಸುತ್ತಿದ್ದಾಳೆ, ಇಬ್ಬರು ಜಗಳ ಆಡುತ್ತಿದ್ದಾರೆ. ನಾನು ತಲೆ ತಗ್ಗಿಸಿಕೊಂಡು ಓಡಿದೆ. ನಮ್ಮಲ್ಲಿ ಅನ್ನದ ತಟ್ಟೆ ಎದುರು ಕೂತಾಗ ಬೀದಿಯಲ್ಲಿ ಯಾರಾದರೂ ಹೋದರೆ ಅಮ್ಮ ಎದ್ದು ಬಾಗಿಲು ಮುಂದೆ ಮಾಡುತ್ತಾಳೆ. ಇಲ್ಲಿ ಹೋಗುವವರು ನೋಡುವುದೂ ಇಲ್ಲ, ಒಳಗಿರುವವರು ಮುಚ್ಚುವುದೂ ಇಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ತೋರಿಸುವುದಕ್ಕೇ ಹೀಗಂತೆ, ಮರುದಿನ ಯಾರೋ ಹೇಳಿದರು. ನನಗೆ ಅದು ಆಗ ಅರ್ಥವಾಗಲಿಲ್ಲ.

ಸೋಮವಾರ: ಯಾರದ್ದೂ ಅಲ್ಲದ ಮೇಜು

ಎಂಟೂವರೆಗೇ ಹೋಗಿ ನಿಂತೆ. ಆಫೀಸು ಹಳೆಯ ಗೋದಾಮು, ಒಳಗೆ ಮರ, ಗಾಜು, ಗಿಡಗಳು. ಯಾರೂ ಇಲ್ಲ. ಒಂಬತ್ತಕ್ಕೆ ಒಬ್ಬೊಬ್ಬರಾಗಿ ಬಂದು ಗೋಡೆಯ ಗೂಡಿನಿಂದ ಒಂದು ಡಬ್ಬಿ ಎತ್ತಿಕೊಂಡು, ಖಾಲಿ ಕಂಡ ಕಡೆ ಕೂರುತ್ತಿದ್ದರು. ಯಾರಿಗೂ ತಮ್ಮದು ಅಂತ ಮೇಜಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ ಕಂಡ ಮನುಷ್ಯ ಮಧ್ಯಾಹ್ನ ಮೆಟ್ಟಿಲ ಹತ್ತಿರ ಇರುತ್ತಾನೆ. ಗಾಜಿನ ಡಬ್ಬದಂಥ ಸಣ್ಣ ಕೋಣೆಗಳಲ್ಲಿ ಒಬ್ಬೊಬ್ಬರೇ ನಿಂತು ಕೈ ಆಡಿಸಿಕೊಂಡು ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಆ ಡಬ್ಬಗಳನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಒಳಗೆ ಮನುಷ್ಯರನ್ನು ನೋಡಿದ್ದು ಇದೇ ಮೊದಲು. ನಮ್ಮೂರಲ್ಲಿ ಹಾಗೆ ಕಂಡಿದ್ದರೆ ನಿಂಬೆಹಣ್ಣು ತರಿಸುತ್ತಿದ್ದರು.

ಮರೈಕೆ ಬಂದರು. ವಿನ್ಯಾಸ ವಿಭಾಗಕ್ಕೆಲ್ಲ ದೊಡ್ಡವರು, ಅರವತ್ತರ ಹತ್ತಿರದ ಎತ್ತರದ ಹೆಂಗಸು, ನೆರೆತ ತಲೆ ಬೋಳು ಅನ್ನುವಷ್ಟು ಚಿಕ್ಕದಾಗಿ ಕತ್ತರಿಸಿಕೊಂಡಿದ್ದರು. ನಾನು ಎದ್ದು ನಿಂತೆ. ಅವರು, "ಕೂತಿರಿ, ಕಾಫಿಗೆ ಹಾಲು ಹಾಕಲೇ?" ಅಂದು ತಾವೇ ಹೋಗಿ ಮಾಡಿ ತಂದುಕೊಟ್ಟರು. ಕುಡಿದಾದ ಮೇಲೆ ನನ್ನ ಲೋಟವನ್ನೂ ತಾವೇ ತೊಳೆದರು! ನನಗೆ ಕಾಫಿಯ ರುಚಿಯೇ ತಿಳಿಯಲಿಲ್ಲ.

"ನಿಮ್ಮ ರೂಮು ಎಲ್ಲಿದೆ ಮೇಡಂ?" ಅಂದೆ.

"ನನಗೆ ರೂಮಿಲ್ಲ. ಇದೇ," ಅಂದು ಕೈಯಲ್ಲಿದ್ದ ಡಬ್ಬಿ ತೋರಿಸಿದರು. ಡಬ್ಬಿಯಲ್ಲಿ ಎರಡು ಪೆನ್ಸಿಲು, ಒಂದು ಕನ್ನಡಕ, ನಾಯಿಯ ಫೋಟೊ.

ನಾನು ಪೈಪನ್ನು ಮೇಜಿನ ಕೆಳಕ್ಕೆ ಮೆಲ್ಲಗೆ ತಳ್ಳಿದೆ.

ಅವರು ಹಳೆಯದೊಂದನ್ನು ನೆನಪಿಸಿ ನಕ್ಕರು. ಎರಡು ವರ್ಷದ ಹಿಂದೆ ನಮಗೆ ಒಂದು ನಕ್ಷೆ ಕಳಿಸಿದ್ದರು. ಕೆಲಸದವರು ತೊಂಬತ್ತು, ಕುರ್ಚಿ ಐವತ್ತು. ಯಾರೋ ಮರೆತಿದ್ದಾರೆ, ಪಾಪ, ಅಂತ ನಾನೇ ನಲವತ್ತು ಕುರ್ಚಿ ಸೇರಿಸಿ ಕಳಿಸಿದ್ದೆ. "ಆ ಕಟ್ಟಡದವರು ಫೋನ್ ಮಾಡಿ, ಇದೇನು ಮದುವೆ ಮಂಟಪವೇ ಅಂದಿದ್ದರು," ಅಂದರು ಮರೈಕೆ. ನಾನೂ ನಕ್ಕೆ. ಒಳಗೆ ಮಾತ್ರ, ಇಲ್ಲಿ ಎಲ್ಲರೂ ಬರುವ ಒಂದು ದಿನವೂ ಇಲ್ಲವೇ ಎಂದು ಒಂಥರಾ ಆಯಿತು.

ಮಂಗಳವಾರ: ಮಜ್ಜಿಗೆ

ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು. ಬಿಸಿ ಮಾಡಿದ್ದಲ್ಲ, ಹಾಗೇ. ಕೆಲವರು ಅದರ ಮೇಲೆ ಸಾಸಿವೆಯಷ್ಟು ಚಾಕೊಲೇಟು ಚೂರು ಉದುರಿಸಿಕೊಂಡು ತಿಂದರು, ಮಕ್ಕಳಲ್ಲ, ಗಡ್ಡ ಬಿಟ್ಟ ಗಂಡಸರು. ಜೊತೆಗೆ ಲೋಟದಲ್ಲಿ ಬೆಳ್ಳಗೆ ಏನೋ. ಕುಡಿದು ನೋಡಿದರೆ ಮಜ್ಜಿಗೆ! ಉಪ್ಪಿಲ್ಲ, ಮೆಣಸಿನಕಾಯಿ ಇಲ್ಲ, ಕರಿಬೇವಿಲ್ಲ, ಆದರೆ ಮಜ್ಜಿಗೆಯೇ. ಅಷ್ಟು ದೂರ ಹೋಗಿ ಮಜ್ಜಿಗೆ ಸಿಕ್ಕಿದ್ದಕ್ಕೆ ನನಗೆ ಅಳು ಬರುವಂತಾಯಿತು. ಉಪ್ಪು ಹಾಕಿಕೊಂಡೆ. ನಾಲ್ಕು ಜನ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡಿದರು.

ಊಟವಾದ ಮೇಲೆ ಮೀಟಿಂಗು. ಐದು ಜನ ಒಂದೇ ಕೋಣೆಯಲ್ಲಿ ಇದ್ದೆವು, ಇನ್ನೊಬ್ಬಳು ಮನೆಯಿಂದ ಸೇರುವವಳಿದ್ದಳು. ಐದೂ ಜನ ಲ್ಯಾಪ್‌ಟಾಪ್ ತೆರೆದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪರದೆಯೊಳಗೆ ಮಾತಾಡತೊಡಗಿದೆವು. ನನ್ನ ಪಕ್ಕ ಕೂತವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿದೆ, ಅವನ ಮಾತು ಮಾತ್ರ ಪರದೆಯಿಂದ ಬರುತ್ತಿದೆ! ಇವರಿಗೇನಾಗಿದೆ ಅಂದುಕೊಂಡೆ. ಆ ಪಕ್ಕದವನ ಹೆಸರು ಯೋಸ್ಟ್. ಕಚೇರಿಗಳಲ್ಲಿ ಯಾವ ಜಾಗ ಎಷ್ಟು ಬಳಕೆಯಾಗುತ್ತದೆ ಎಂದು ಯಂತ್ರಗಳಿಂದ ಅಳೆಯುವವನು, ಹಸನ್ಮುಖಿ. ಅವನು ಹೇಳಿದ, "ನಾವು ಐದು ಜನ ಒಟ್ಟಿಗೆ ನಕ್ಕರೆ ಮನೆಯಲ್ಲಿರುವವಳು ಹೊರಗಿನವಳಾಗುತ್ತಾಳೆ. ಒಬ್ಬರು ದೂರ ಇದ್ದರೆ ಎಲ್ಲರೂ ದೂರ ಇದ್ದಂತೆ ಮಾತಾಡಬೇಕು. ಇದು ನಮ್ಮ ನಿಯಮ."

ಹೊರಗೆ ನಿಲ್ಲುವುದು ಅಂದರೇನೆಂದು ನಾನು ಯಾರಿಂದಲೂ ಕಲಿಯಬೇಕಿಲ್ಲ. ಅದಕ್ಕೆ ಮದ್ದಾಗಿ ಒಂದು ನಿಯಮ ಮಾಡಿಟ್ಟುಕೊಂಡ ಜನರನ್ನು ಮಾತ್ರ ಮೊದಲ ಸಲ ನೋಡುತ್ತಿದ್ದೆ.

ಯೋಸ್ಟ್ ಮತ್ತೊಂದು ಹೇಳಿದ. "ನಿಮ್ಮ ಮಧುಗಿರಿ ತಂಡ ನಿಂತುಕೊಂಡೇ ಮೀಟಿಂಗ್ ಮಾಡುತ್ತದಲ್ಲ, ಅದು ನಮಗೆ ಬಹಳ ಇಷ್ಟ. ಚುಟುಕಾಗಿ ಮುಗಿಯುತ್ತದೆ. ಇಲ್ಲಿ ಅದನ್ನು ಕಲಿಸುವುದಕ್ಕೇ ನಮಗೆ ಒಂದು ವರ್ಷ ಬೇಕಾಯಿತು."

ನಾವು ನಿಲ್ಲುವುದು ಪರದೆಯ ಮೇಲೆ ಮರೈಕೆ ಕಾಣಿಸಿಕೊಳ್ಳುತ್ತಾರೆಂದು. ದೊಡ್ಡವರು ಬಂದರೆ ಕೂತಿರುವುದು ಹೇಗೆ? "ಥ್ಯಾಂಕ್ಯೂ" ಅಂದೆ.

ಬುಧವಾರ: ಬೂದು ಚುಕ್ಕೆಗಳು

ಬೆಳಿಗ್ಗೆ ಹತ್ತಕ್ಕೆ ಮರೈಕೆ ಮತ್ತು ಯೋಸ್ಟ್ ನನ್ನನ್ನು ಸಣ್ಣ ಕೋಣೆಗೆ ಕರೆದರು. ನಾನು ಪೈಪು ತೆಗೆದುಕೊಂಡೇ ಹೋದೆ.

ಪರದೆಯ ಮೇಲೆ ನಮ್ಮ ಮಧುಗಿರಿ ಆಫೀಸಿನ ನಕ್ಷೆ. ಮೆಟ್ಟಿಲು, ಕಿಟಕಿ, ಟೀ ಮಾಡುವ ಮೂಲೆ. ಅದರ ಮೇಲೆ ಇಪ್ಪತ್ತೆರಡು ಬೂದು ಚುಕ್ಕೆ.

"ಹೋದ ಮೇ ತಿಂಗಳಲ್ಲಿ ನಾವು ಕಳಿಸಿದ ಕುರ್ಚಿಗಳು ಇವು," ಅಂದ ಯೋಸ್ಟ್. "ಕೂರುವ ಜಾಗದ ಕೆಳಗೆ ಒಂದೊಂದು ಯಂತ್ರ ಇದೆ. ಯಾರಾದರೂ ಕೂತರೆ ಹಸಿರು, ಇಲ್ಲದಿದ್ದರೆ ಬೂದು. ಆರು ತಿಂಗಳಿಂದ ನೋಡುತ್ತಿದ್ದೇವೆ."

ಅವನು ಒಂದೊಂದು ದಿನವನ್ನು ಸರಿಸುತ್ತಾ ಹೋದ. ಮೇ ಬೂದು. ಜೂನ್ ಬೂದು. ಜುಲೈ, ಆಗಸ್ಟ್, ಎಲ್ಲಾ ಬೂದು.

ಮರೈಕೆ ಮೆಲ್ಲಗೆ ಹೇಳಿದರು, "ಸುಜಾತಾ, ನಿಮ್ಮ ಕೆಲಸ ಸಮಯಕ್ಕೆ ಬರುತ್ತಿದೆ. ಚೆನ್ನಾಗಿಯೂ ಇದೆ. ಅಂದರೆ ಮೀಟಿಂಗಿಗೆ ಮಾತ್ರ ಬಂದು ಹೋಗಿ, ಉಳಿದದ್ದನ್ನೆಲ್ಲ ಎಲ್ಲರೂ ಮನೆಯಿಂದಲೇ ಮಾಡುತ್ತಿದ್ದಾರೆ ಅಂತಾಯಿತು. ಅದರಲ್ಲಿ ತಪ್ಪೇನೂ ಇಲ್ಲ, ಹೇಳಲು ಸಂಕೋಚವೂ ಬೇಡ. ಕೆಲಸಕ್ಕೆ ಯಾರೂ ಬರದ ಆಫೀಸನ್ನು ಡಿಸೆಂಬರಿಗೆ ಮುಚ್ಚೋಣ. ಎಲ್ಲರಿಗೂ ಮನೆಯಲ್ಲೇ ಒಳ್ಳೆಯ ವ್ಯವಸ್ಥೆ ಮಾಡಿಕೊಡುವ ಬಗ್ಗೆ ನಿಮ್ಮ ಜೊತೆ ಮಾತಾಡಲೆಂದೇ ಕರೆಸಿದ್ದು."

ಯಾರೂ ಬರದ ಆಫೀಸು! ದಿನಾ ಒಂಬತ್ತು ಗಂಟೆಗೆ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ಜೊತೆ ಚಪ್ಪಲಿ ಬೀಳುವ ಆಫೀಸು. ಪಾವಗಡದ ಕಡೆಯ ವಳ್ಳೂರಿನಿಂದ ಪದ್ಮ ಬೆಳಗಿನ ಬಸ್ಸು ಹಿಡಿದು ಬರುತ್ತಾಳೆ, ಶಿರಾದಿಂದ ಶಾಹಿನಾ ಬರುತ್ತಾಳೆ.

"ಆ ಕುರ್ಚಿಗಳು..." ಅಂದೆ. ಅಷ್ಟರಲ್ಲಿ ನನಗೆ ಗೊತ್ತಾಗಿಹೋಯಿತು.

ಆ ಕುರ್ಚಿಗಳು ಬಂದ ದಿನ ಎಲ್ಲರೂ ಸುತ್ತ ನಿಂತು ಮುಟ್ಟಿ ನೋಡಿದ್ದೆವು. ಬೂದು ಬಟ್ಟೆ, ಚಕ್ರ, ತಲೆಗೆ ದಿಂಬು. ಜೊತೆಗೆ ಒಂದು ಉದ್ದನೆಯ ಇಂಗ್ಲಿಷ್ ಪತ್ರ. ಅದರಲ್ಲಿ 'ಸೂಕ್ಷ್ಮ ಯಂತ್ರ', 'ಹಾನಿಯಾಗದಂತೆ' ಎಂಬೆರಡು ಕಡೆ ನನ್ನ ಕಣ್ಣು ನಿಂತಿತು. ಉಳಿದದ್ದನ್ನು ನಾನು ಓದಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಓದಿದವಳು ಅಂತ ಮೆರೆಯುವ ನಾನು ಓದಲಿಲ್ಲ. "ಇವು ಫಾರಿನ್ ಚೇರು. ದೊಡ್ಡವರು ಬಂದು ನೋಡೋವರ್ಗೂ ಯಾರೂ ಪ್ಲಾಸ್ಟಿಕ್ ಕವರ್ ಬಿಚ್ಚಬ್ಯಾಡಿ, ಕೂರಬ್ಯಾಡಿ," ಎಂದು ಅಪ್ಪಣೆ ಮಾಡಿ, ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿದೆ. ಹುಡುಗಿಯರು ಹಳೆಯ ಪ್ಲಾಸ್ಟಿಕ್ ಕುರ್ಚಿ, ಬೆಂಚು ಮೇಲೆ ಕೂತೇ ಕೆಲಸ ಮಾಡಿದರು. ಒಬ್ಬಳೂ ತುಟಿ ಬಿಚ್ಚಲಿಲ್ಲ. ನಮ್ಮ ಕಡೆ ಒಳ್ಳೆಯ ವಸ್ತು ಇರುವುದೇ ಎತ್ತಿಡುವುದಕ್ಕೆ.

ಯೋಸ್ಟ್ ಮುಂದುವರಿಸಿದ. "ಒಂದೇ ಒಂದು ಕುರ್ಚಿ ಮಾತ್ರ ದಿನಾ ಬೆಳಿಗ್ಗೆ ಎಂಟೂಕಾಲಕ್ಕೆ ಹತ್ತು ನಿಮಿಷ ಹಸಿರಾಗುತ್ತದೆ. ಯಂತ್ರ ಕೆಟ್ಟಿರಬೇಕು ಅಂದುಕೊಂಡೆವು."

ಎಂಟೂಕಾಲಕ್ಕೆ ಆಫೀಸಿನಲ್ಲಿ ಇರುವವರು ಒಬ್ಬರೇ. ಕಸ ಗುಡಿಸಿ, ನೀರು ಹಿಡಿದು, ಟೀ ಕಾಯಿಸುವ ಲಕ್ಷ್ಮಮ್ಮ.

ಹೊರಗೆ ಕಾಲುವೆಯ ದಡಕ್ಕೆ ಬಂದು ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರು. ಪದ್ಮ ಎತ್ತಿ ಲಕ್ಷ್ಮಮ್ಮನ ಕೈಗೆ ಕೊಟ್ಟಳು. ನಾನು ಸುತ್ತಿ ಬಳಸದೆ ಕೇಳಿದೆ, "ಲಕ್ಷ್ಮಮ್ಮ, ಬೆಳಿಗ್ಗೆ ಹೊತ್ತು ಹೊಸ ಚೇರ್ ಮೇಲೆ ಕೂತ್ಕಂತೀಯಾ?"

"ತಪ್ಪಾಯ್ತು ಕಣವ್ವಾ. ಮೆಟ್ಲು ಹತ್ತಿ ಬಂದ್ರೆ ಮಂಡಿ ಹಿಡ್ಕಂಬುಡ್ತದೆ. ಕವರ್ ಬಿಚ್ಚಿಲ್ಲ ಕಣವ್ವಾ, ಮ್ಯಾಲೇ ಕುಂತ್ಕಂಡೆ. ಎದ್ಮ್ಯಾಲೆ ಒದ್ದೆ ಬಟ್ಟೇಲಿ ಒರೆಸ್ಬುಟ್ಟೀವ್ನಿ. ಅಲ್ಲೀಗಂಟ ಹೆಂಗವ್ವಾ ಗೊತ್ತಾಯ್ತು? ಕೆಲ್ಸದಿಂದ ತೆಗೀಬ್ಯಾಡ."

ಕುರ್ಚಿಯ ಮೇಲೆ ಕೂತದ್ದಕ್ಕೆ ಒಬ್ಬ ಹೆಂಗಸು ನನ್ನ ಕ್ಷಮೆ ಕೇಳುತ್ತಿದ್ದಾಳೆ. ನನ್ನ! ಅಪ್ಪ ಮಧುಗಿರಿ, ಕೊರಟಗೆರೆಯಲ್ಲಿ ಎಷ್ಟು ಕಟ್ಟಡಕ್ಕೆ ಗಾರೆ ಹಾಕಿದ್ದಾನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದರ ಒಳಗೂ ಅವನು ಕೂತದ್ದನ್ನು ನಾನು ನೋಡಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದ. ಚಿಕ್ಕವಳಿದ್ದಾಗ ನಾನು ಒಂದು ಸಲ ಓಡಿಹೋಗಿ ಒಂದು ಕುರ್ಚಿ ಮೇಲೆ ಕೂತುಬಿಟ್ಟಿದ್ದೆ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದದ್ದು ಆ ಕಾಲುವೆಯ ಪಕ್ಕ ನಿಂತವಳಿಗೆ ಮತ್ತೆ ನೆನಪಾಯಿತು.

"ಲಕ್ಷ್ಮಮ್ಮ," ಅಂದೆ, "ಫೋನ್ ಇಟ್ಟು ಈಗ್ಲೇ ಹೋಗಿ ಕೂತ್ಕ. ಎಲ್ರೂ ನೋಡೋ ಹಂಗೆ ಕೂತ್ಕ."

"ಬಯ್ತಿದೀಯೇನವ್ವಾ?" ಅಂದಳು.

ಗುರುವಾರ: ಹಸಿರು

ಮರೈಕೆಯವರಿಗೆ ಎಲ್ಲ ಹೇಳಿದೆ. ಪತ್ರ ಓದದೇ ಇದ್ದದ್ದು, ಕವರು, ಬೆಂಚು, ಲಕ್ಷ್ಮಮ್ಮ, ನಿಂತು ಮಾಡುವ ಮೀಟಿಂಗಿನ ನಿಜವನ್ನೂ. ನನ್ನ ಇಂಗ್ಲಿಷು ಮುಗ್ಗರಿಸಿ ಮುಗ್ಗರಿಸಿ ಬಿತ್ತು. ನಗುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಯೋಸ್ಟ್ ಕೆಂಪಗಾದ. "ಆರು ತಿಂಗಳು ಅಳೆದೆ," ಅಂದ, "ಒಂದು ಫೋನ್ ಮಾಡಿ ಕೇಳಬಹುದಿತ್ತು."

ಮಧುಗಿರಿಗೆ ವಿಡಿಯೊ ಹಚ್ಚಿದೆವು. "ಕವರ್ ಹರೀರಿ," ಅಂದೆ.

"ಏಮಕ್ಕಾ, ನಿಜಂಗಾ?" ಅಂದಳು ಪದ್ಮ. ಅವಳಿಗೆ ಖುಷಿಯಾದರೆ ತೆಲುಗು ಮುಂದೆ ಬರುತ್ತದೆ. "ನಾಳೆ ಬಂದು, ಯಾವಳು ಹರಿದಿದ್ದು ಅಂತ ಕೇಳಲ್ಲ ತಾನೆ?"

"ಕೇಳಲ್ಲ ಕಣೇ, ಹರಿ!"

ಪರಪರ ಸದ್ದು. ಇನ್ನೊಂದು ಪರದೆಯಲ್ಲಿ ಚುಕ್ಕೆಗಳು ಒಂದೊಂದೇ ಹಸಿರಾದವು. ನಾಲ್ಕು, ಒಂಬತ್ತು, ಹದಿನಾರು. ಒಂದು ಚುಕ್ಕೆ ಹಸಿರು-ಬೂದು-ಹಸಿರು ಆಗುತ್ತಲೇ ಇತ್ತು. ಯೋಸ್ಟ್ ಏನಾಯಿತೆಂದು ಬಗ್ಗಿ ನೋಡಿದ. "ಯಾರೋ ಕೂತು ಎದ್ದು ಕೂತು ನೋಡ್ತಿದಾರೆ," ಅಂದೆ.

ಆದರೆ ಮರೈಕೆ ನಗಲಿಲ್ಲ. "ಕುರ್ಚಿ ಹಸಿರಾದರೆ ಆಫೀಸು ಬೇಕು ಅಂತಲ್ಲ," ಅಂದರು. "ಮುಚ್ಚಬೇಕೋ ಬೇಡವೋ ಎಂದು ನಾಳೆ ಸಂಜೆಯೊಳಗೆ ನಾನು ಕಂಪನಿಗೆ ಹೇಳಬೇಕು. ಮೂರು ವರ್ಷದಿಂದ ಪ್ರತಿ ಮೀಟಿಂಗಿನಲ್ಲೂ ನಿಮ್ಮೊಬ್ಬರ ದನಿಯೇ ಕೇಳಿದ್ದೇನೆ. ನಾಳೆ ಅವರನ್ನು ಕೇಳುತ್ತೇನೆ. ನೀವು ಅನುವಾದ ಮಾಡಿದರೆ ಸಾಕು."

ಸಂಜೆ ನಾನು ಒಂದು ತಪ್ಪು ಮಾಡಿದೆ. ಎಲ್ಲರಿಗೂ ಮೆಸೇಜು ಹಾಕಿದೆ: 'ನಾಳೆ ಯಾರು ಏನೇ ಕೇಳಿದರೂ, ದಿನಾ ಆಫೀಸೇ ಬೇಕು ಅಂತ ಹೇಳಿ. ಇಲ್ಲದಿದ್ದರೆ ಬಾಗಿಲು ಮುಚ್ಚುತ್ತಾರೆ.'

ಶುಕ್ರವಾರ: ಅನುವಾದ

ಇಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅಲ್ಲಿ ಮಧ್ಯಾಹ್ನ ಎರಡು. ಯೂಟ್ರೆಕ್ಟಿನ ಆಫೀಸು ಖಾಲಿ. ಶುಕ್ರವಾರ ಇಲ್ಲಿ ಯಾರೂ ಬರುವುದಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ನಾವು ಮೂವರು, ಪರದೆಯೊಳಗೆ ಮಧುಗಿರಿಯಲ್ಲಿ ಇಪ್ಪತ್ತೆರಡು ಜನ ಮತ್ತು ಹಿಂದೆ ಲಕ್ಷ್ಮಮ್ಮ.

ಪದ್ಮ ಮೊದಲು. "ನಂಗ್ ಆಫೀಸೇ ಬೇಕ್ ಮೇಡಂ. ನಾಳೆ ಮನೇಲಿ ಲ್ಯಾಪ್‌ಟಾಪ್ ತೆಗುದ್ರೆ ನಮ್ಮತ್ತೆ, 'ಸುಮ್ನೆ ಕುಂತೇ ಇದೀಯಲ್ಲ, ಆ ಕಡ್ಲೆಕಾಯಿನಾದ್ರೂ ಬಿಡ್ಸು' ಅಂತದೆ. ಅಲ್ಲಿ ನಾನು ಸೊಸೆ. ಇಲ್ಲಿ ನಾನು ಪದ್ಮ." ಅನುವಾದ ಮಾಡಿದೆ. ಮರೈಕೆ ಬರೆದುಕೊಂಡರು. ಆಮೇಲೆ ಐದಾರು ಜನ ನಾನು ಹೇಳಿಕೊಟ್ಟಂತೆಯೇ ಒಪ್ಪಿಸಿದರು. ನನ್ನ ಎದೆ ಹಗುರಾಗುತ್ತಿತ್ತು.

ಆಗ ಶಾಹಿನಾ. ಶಿರಾದವಳು, ಮಾತು ಕಡಿಮೆ, ಗೆರೆ ಮಾತ್ರ ಕೂದಲು ಸೀಳಿದಂತೆ ಎಳೆಯುತ್ತಾಳೆ. ವಾರಕ್ಕೆ ಎರಡು ದಿನ ಏನಾದರೊಂದು ನೆಪ ಹೇಳಿ ರಜೆ ಹಾಕುತ್ತಾಳೆಂದು ಅವಳ ಬಗ್ಗೆ ನನಗೆ ಸಿಟ್ಟಿತ್ತು.

"ಸುಜಾತಕ್ಕಾ, ಜರಾ ಬೇಜಾರ್ ಮಾಡ್ಕಬ್ಯಾಡಿ," ಅಂದಳು. "ಆಫೀಸು ಬೇಕು. ಆದ್ರೆ ದಿನಾ ಬ್ಯಾಡ. ಅಮ್ಮೀಗೆ ಕಿಡ್ನಿ ಹೋಗೈತೆ. ವಾರಕ್ಕೆ ಎರಡ್ ದಿನ ಡಯಾಲಿಸಿಸ್. ಆಸ್ಪತ್ರೇಲಿ ನಾಲ್ಕ್ ಗಂಟೆ ಸುಮ್ನೆ ಕುಂತಿರ್ತೀನಿ. ಲ್ಯಾಪ್‌ಟಾಪ್ ಒಯ್ಯಕ್ಕೆ ಬುಟ್ರೆ ಅಲ್ಲೇ ಕೆಲ್ಸ ಮಾಡ್ತೀನಿ. ನೀವು ಹೊರಗ್ ಒಯ್ಯಂಗಿಲ್ಲ ಅಂದ್ರಿ, ಅದ್ಕೇ ಸುಳ್ಳೇಳಿ ರಜಾ ಹಾಕ್ದೆ. ಎಷ್ಟ್ ದಿನ ಸುಳ್ಳೇಳ್ಲಿ ಅಕ್ಕಾ?"

ಪದ್ಮ ಅವಳ ಕಡೆ ತಿರುಗಿದಳು. "ಲೇ ಶಾಹಿನಾ, ಯಾಕೇ ಹೇಳಿಲ್ಲ ನೀನು?"

"ಯಾರ್ ಕೇಳುದ್ರು?"

ಮರೈಕೆ ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಏನು ಹೇಳಿದಳು?"

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. 'ದಿನಾ ಆಫೀಸು ಬೇಕಂತೆ' ಅಂದುಬಿಟ್ಟರೆ ಮುಗಿಯಿತು. ದಿನಾ ಬೇಡ ಅಂತ ಒಬ್ಬಳು ಹೇಳಿದರೆ ಇನ್ನು ಹತ್ತು ಜನ ಹೇಳುತ್ತಾರೆ, ಬಾಗಿಲು ಮುಚ್ಚುತ್ತದೆ, ಪದ್ಮ ಕಡಲೆಕಾಯಿಯ ಮುಂದೆ ಕೂರುತ್ತಾಳೆ, ಲಕ್ಷ್ಮಮ್ಮ ಇನ್ನೊಂದು ಮೆಟ್ಟಿಲು ಹುಡುಕಿಕೊಂಡು ಹೋಗುತ್ತಾಳೆ. ನಾಲಿಗೆಯ ತುದಿಗೆ ಸುಳ್ಳು ಬಂದು ಕೂತಿತ್ತು. ಬಹಳ ಹಗುರವಾದ ಸುಳ್ಳು.

ನುಂಗಿಕೊಂಡೆ. ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಲ್ಯಾಪ್‌ಟಾಪ್ ಹೊರಗೆ ಬಿಡದವಳು ನಾನು ಎಂಬುದನ್ನೂ, ನಿನ್ನೆ ನಾನು ಕಳಿಸಿದ ಮೆಸೇಜನ್ನೂ.

ಆಮೇಲೆ ತಡೆಯಲಾಗಲಿಲ್ಲ. ಒಬ್ಬಳು ಬಸುರಿ, ಏಳನೇ ತಿಂಗಳಿನಿಂದ ಮೆಟ್ಟಿಲು ಹತ್ತಲಾರೆ ಅಂದಳು. ಒಬ್ಬಳಿಗೆ ಸೋಮವಾರ ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಲಿಕುಂಟೆಯವಳೊಬ್ಬಳು, "ನಂಗ್ ಭಾನುವಾರಾನೂ ಆಫೀಸ್ ತಗು ಅಕ್ಕಾ, ಮನೇಲಿ ಕುರಿ ಮೇಯಸಕ್ಕೆ ಕಳಿಸ್ತಾರೆ" ಅಂದದ್ದಕ್ಕೆ ಎಲ್ಲರೂ ಗೊಳ್ಳೆಂದರು. ಎಲ್ಲವನ್ನೂ ಅನುವಾದಿಸಿದೆ. ಮೂರು ವರ್ಷ ಅವರ ಪಕ್ಕ ಕೂತವಳು ನಾನು. ಇವುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಮರೈಕೆ ಬರೆದುಕೊಂಡ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. "ಎಲ್ಲರೂ ದಿನಾ ಬೇಕು ಅಂದಿದ್ದರೆ ನಾನು ನಂಬುತ್ತಿರಲಿಲ್ಲ," ಅಂದರು. "ಹೇಳಿಕೊಟ್ಟ ಮಾತು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಇಷ್ಟು ಜನಕ್ಕೆ ಇಷ್ಟು ಬೇರೆ ಬೇರೆ ಕಾರಣಕ್ಕೆ ಬೇಕಾದ ಜಾಗವನ್ನು ಮುಚ್ಚುವುದಿಲ್ಲ. ಐದೂ ದಿನ ತೆರೆದಿರಲಿ. ಯಾರು ಯಾವ ದಿನ ಬರುತ್ತಾರೆಂದು ಅವರೇ ಹೇಳಲಿ. ಅದಕ್ಕೆ ತಕ್ಕ ಹಾಗೆ ನೀವು ನಕ್ಷೆ ಬರೆಯಿರಿ."

ನಾನು ಪರದೆಯ ಕಡೆ ತಿರುಗಿದೆ.

"ಏನಂತೆ ಅಕ್ಕಾ?" ಪದ್ಮ ಎದ್ದೇಬಿಟ್ಟಳು. "ಚೆಪ್ಪು ತಲ್ಲೀ, ಪ್ರಾಣ ಹೋಗ್ತೈತೆ! ಮುಚ್ತಾರಾ?"

"ಮುಚ್ಚಲ್ಲ," ಅಂದೆ.

ಇಪ್ಪತ್ತಮೂರು ಜನ ಒಟ್ಟಿಗೆ ಕೂಗಿದರೆ ಆ ವಿಡಿಯೊ ಯಾರ ದನಿಯನ್ನೂ ದಾಟಿಸುವುದಿಲ್ಲ. ಬಾಯಿಗಳು ಮಾತ್ರ ಆಡುತ್ತಿದ್ದವು. ಮರೈಕೆ ನನ್ನ ಕಡೆ ಬಗ್ಗಿ, "ಏನು ಹೇಳುತ್ತಿದ್ದಾರೆ?" ಅಂದರು.

"ನೀವೇ ಕೇಳಿ," ಅಂದು ಕುರ್ಚಿ ಸರಿಸಿ ಕ್ಯಾಮೆರಾದಿಂದ ಆಚೆ ಕೂತೆ.

ಗದ್ದಲ ಇಳಿಯಿತು. ಶಾಹಿನಾ ಮುಂದೆ ಬಂದಳು. ಮರೈಕೆಯವರನ್ನು ನೇರವಾಗಿ ನೋಡಿ, ತಡವರಿಸದೆ, ನನ್ನದಕ್ಕಿಂತ ಒಳ್ಳೆಯ ಇಂಗ್ಲಿಷಿನಲ್ಲಿ, ಸೋಮವಾರ ಮತ್ತು ಗುರುವಾರ ತಾನು ಆಸ್ಪತ್ರೆಯಿಂದ ಕೆಲಸ ಮಾಡಿದರೆ ಆಗಬಹುದೇ ಎಂದು ಕೇಳಿದಳು.

ಅವಳಿಗೆ ಇಂಗ್ಲಿಷ್ ಬರುತ್ತದೆಂದು ಆವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.